ಎರಡು ಹಾಜರಿ

ಮಾಲ್ದಾರೆಯ ಈ ತೋಟದಲ್ಲಿ
ದಿನಕ್ಕೆರಡು ಸಲ ಹೆಸರು ಕೂಗುತ್ತಾರೆ.
ಏಳೂವರೆಗೆ ಗೋದಾಮಿನ ಮುಂದೆ, ಚೆಕ್‌ರೋಲ್ ಹಿಡಿದು,
ರೈಟರ್ ಪೊನ್ನಪ್ಪ.
ಹತ್ತಕ್ಕೆ, ಹೆಂಚು ಜಾರಿದ ಒಂದೇ ಕೋಣೆಯೊಳಗೆ, ನಾನು.

ಅವರ ಪುಸ್ತಕದಲ್ಲಿ ಮಕ್ಕಳ ಹೆಸರಿಲ್ಲ, ಕಾನೂನು ಬಿಡದು.
ಕೊಯ್ಲಿನ ತಿಂಗಳಲ್ಲಿ ನನ್ನ ಪುಸ್ತಕದಲ್ಲಿ
ಹೆಸರುಗಳಿವೆ, ಮಕ್ಕಳಿಲ್ಲ.
ನಡುವೆ ಎಲ್ಲೋ ರೊಬಸ್ಟಾ ಗಿಡದ ಬುಡದಲ್ಲಿ
ಉದುರಿದ ಹಣ್ಣು ಹೆಕ್ಕುತ್ತಿರುತ್ತವೆ
ಯಾವ ಪುಸ್ತಕಕ್ಕೂ ಸೇರದ ಬೆರಳುಗಳು.

ಜನವರಿಯಲ್ಲಿ ಜಾಥಾ ಹೊರಟೆವು.
ಮೇಲಿನಿಂದ ಬಂದ ಬ್ಯಾನರು:
ಜಗತ್ತಿನ ಪ್ರತಿ ಮಗುವಿಗೂ ಒಳ್ಳೆಯ ಶಾಲೆ.
'ಜಗತ್ತಿನ' ಎಂಬುದು ಎಷ್ಟು ಅಗಲವೆಂದರೆ
ಕಾಫಿ ಸಾಲಿನ ನಡುವೆ ಅದನ್ನು ಮಡಚಿಯೇ ಒಯ್ಯಬೇಕು.
ಒಂದು ತುದಿ ನಾನು, ಇನ್ನೊಂದು ಬಿಸಿಯೂಟದ ಲೀಲಕ್ಕ,
ಹಿಂದೆ ಐದು ಮಕ್ಕಳು, ಒಂದು ತಮಟೆ.
ಕೆರೆಯ ತಿರುವಿನಲ್ಲಿ ಫಾರೆಸ್ಟಿನವರು ಕೈ ಅಡ್ಡ ಹಿಡಿದರು:
'ಕೂಗಬೇಡಿ ಮೇಡಂ, ಮರಿಯಾನೆ ಇರುವ ಹಿಂಡು.'

ಹಾಗಾಗಿ ನಾವು
'ಶಿಕ್ಷಣ ನಮ್ಮ ಹಕ್ಕು' ಎಂದು
ಪಿಸುಗುಟ್ಟುತ್ತಲೇ ಲೈನ್‌ಮನೆ ತಲುಪಿದೆವು.

'ಮಗಳು ಹುಟ್ಟಿದ ದಿನ?'
'ಹೂಮಳೆ ಬಿದ್ದ ವಾರ.'
'ಯಾವ ವರ್ಷದ ಹೂಮಳೆ?'
'ಒಂಟಿ ಸಲಗ ನಮ್ಮ ಗೋಡೆ ಕೆಡವಿತಲ್ಲ, ಅದರ ಮರುವರ್ಷ.'
ಫಾರಂನಲ್ಲಿ ಸಲಗಕ್ಕೆ ಜಾಗವಿಲ್ಲ.
ಬರೆದೆ: ಜೂನ್ ಒಂದು.
ನನ್ನ ಶಾಲೆಯಲ್ಲಿ ಏಳು ಮಕ್ಕಳು ಒಂದೇ ದಿನ ಹುಟ್ಟಿದವರು.

ಕರ್ಪಿ ಅಂದಳು, 'ಓದಿ ಏನು ಮಾಡ್ತಾಳೆ?'
ತರಬೇತಿಯಲ್ಲಿ ಕಲಿಸಿದ ಉತ್ತರ ಬಾಯಿಗೆ ಬಂತು,
ಅಲ್ಲೇ ನಿಂತಿತು.
ಅವಳ ಉಗುರಿನೊಳಗೆ ಒಣಗಿದ ಹಣ್ಣಿನ ಸಿಪ್ಪೆ.
ನಾನು ಬಡಬಡಿಸಿದ್ದು ಇಷ್ಟು: 'ಕಳಿಸು, ನೋಡೋಣ.'

ಮಲ್ಲಿಗೆ ಬಂದಳು. ಒಂದು ದಿನ ಬಂದರೆ ಎರಡು ದಿನ ಇಲ್ಲ.
ನೂರರವರೆಗೆ ಅಂಕಿ ಕಲಿತಳು,
ಅರುವತ್ತೊಂಬತ್ತು ಮಾತ್ರ ಕೊನೆಯವರೆಗೂ ಕೈಕೊಡುತ್ತಿತ್ತು.

ಕೊಯ್ಲಿನ ಕೊನೆಯ ವಾರ, ಸಂಜೆ, ತೂಕದ ಅಂಗಳ.
ಕರ್ಪಿಯ ಮೂಟೆ ಕೊಕ್ಕೆಗೆ ಏರಿತು,
ಮುಳ್ಳು ನಡುಗಿ ನಿಂತಿತು.
'ನಲವತ್ತೇಳು' ಎಂದರು ಪೊನ್ನಪ್ಪ.
ಸಾಲಿನಿಂದ ಹೊರಬಂದು ಮಲ್ಲಿಗೆ
ಕುತ್ತಿಗೆ ಎತ್ತಿ ಮುಳ್ಳನ್ನೇ ನೋಡಿದಳು.
ಅಂಗಳ ಸುಮ್ಮನಾಯಿತು. ಅಸ್ಸಾಮಿನ ಇನಾಮುಲ್
ಹೊತ್ತ ಮೂಟೆ ಇಳಿಸುವುದನ್ನೂ ಮರೆತ.
ನನ್ನ ಎದೆಯಲ್ಲಿ ಜಾಥಾದ ತಮಟೆ.
'ನಲವತ್ತೇಳೇ' ಎಂದಳು.

ಮೋಸವಿರಲಿಲ್ಲ.
ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ನಿರಾಸೆಯಾಯಿತು.
ಪೊನ್ನಪ್ಪನಿಗೆ ಸಿಟ್ಟು, ಆಮೇಲೆ ನಗು.
ಆದರೆ ಕರ್ಪಿ, ಹದಿನೆಂಟು ಕೊಯ್ಲು ಕಂಡವಳು,
ದಾರಿಯಲ್ಲಿ ನನ್ನ ಸೆರಗು ಹಿಡಿದು ಅಂದಳು:
'ಅವರು ಹೇಳಿದ್ದು ಸರಿ ಅಂತ
ನಮ್ಮ ಮನೆಯವರೇ ಹೇಳಿದ್ದು ಇದೇ ಮೊದಲು.'

ಮರುದಿನ ಹಾಜರಿ ಹನ್ನೊಂದು.
ಭೂಮಿ ಕಿತ್ತಳೆಯಂತೆ ದುಂಡಗಿದೆ, ಎನ್ನುತ್ತದೆ ಪಾಠ.
ಗ್ಲೋಬು ಕೇಳಿ ಎರಡು ವರ್ಷ; ಕಿತ್ತಳೆ ಬೇಲಿಯಾಚೆಯೇ ಇದೆ.
ಸುಲಿದೆ. ತೊಳೆ ಹತ್ತು.
ಎಲ್ಲರೂ ಎಣಿಸಿದರು, ಎಣಿಸುವುದು ಈಗ ಅವರಿಗೂ ಗೊತ್ತು.
ಎಣಿಸಿ ನನ್ನ ಮುಖ ನೋಡಿದರು.

ಮಡಚಿಟ್ಟ ಬ್ಯಾನರು ಬೀರುವಿನ ಮೇಲಿತ್ತು.
ನಾನು ಚಾಕು ಹುಡುಕುತ್ತಿದ್ದೆ.
'ಮೇಡಂ,' ಎಂದಳು ಮಲ್ಲಿಗೆ,
'ಮರದಲ್ಲಿ ಇನ್ನೂ ಇದೆಯಲ್ಲ.'