ಕಳೆ

ಎಮ್ಮೆಯ ಹೆಸರಿಟ್ಟುಕೊಂಡ ಊರು, ಬಫಲೋ.
ಎಮ್ಮೆ ಒಂದೂ ಇಲ್ಲ. ಮಾರ್ಚ್ ಮುಗಿಯುತ್ತ ಬಂದರೂ
ಸರೋವರದ ಕಡೆಯಿಂದ ಹಿಮ ಬರುತ್ತಲೇ ಇರುತ್ತದೆ,
ಬಾ ಅನ್ನದಿದ್ದರೂ ಬರುವ ನೆಂಟನ ಹಾಗೆ.

ಈ ಬೀದಿಯಲ್ಲಿ ಮೂರು ಮನೆಗೆ ಒಂದು ಮನೆ.
ಉಳಿದೆರಡನ್ನು ನಗರಸಭೆ ಕೆಡವಿ, ಮಣ್ಣು ಹರಡಿ ಹೋಯಿತು,
ಹಲ್ಲು ಕಿತ್ತ ಮೇಲೆ ಹತ್ತಿ ತುರುಕಿದ ಹಾಗೆ.
ಅಂಥದೊಂದು ಜಾಗದಲ್ಲಿ ಎರ್ನೆಸ್ಟೀನ್ ಟಾಲಿವರ್
ಪಾಠ ಶುರುಮಾಡಿದಳು. ಅರವತ್ತೆಂಟು ವರ್ಷ,
ಗಂಡಸರ ಬೂಟು, ಕೋಟಿನ ಜೇಬಲ್ಲಿ ಸದಾ ಒಂದು ಚಮಚ.

ಮೊದಲ ದಿನ ಬೀಜ ಮುಟ್ಟಿಸಲಿಲ್ಲ.
ಒಬ್ಬೊಬ್ಬರಿಗೂ ಒಂದು ಉಪ್ಪಿನಕಾಯಿ ಬಾಟಲಿ,
ಹಿಡಿ ಮಣ್ಣು, ಕುತ್ತಿಗೆವರೆಗೆ ನೀರು.
'ಕುಲುಕಿ. ಇಡಿ. ನಾಳೆ ನೋಡಿ.'
ಮರುದಿನ ತಳದಲ್ಲಿ ಮರಳು, ಮೇಲೆ ಗೋಡು, ಅದರ ಮೇಲೆ ಜೇಡಿ.
ಯಾಡಿಯೆಲ್‌ನದು ಮಾತ್ರ ಇನ್ನೂ ಕದಡಿದ ಕಂದು;
ಹದಿನೇಳರ ಹುಡುಗ, ಬಸ್ಸಿನಲ್ಲೂ ಕುಲುಕುತ್ತಲೇ ಹೋಗಿದ್ದನಂತೆ.

ಎರಡನೆಯ ವಾರ ಅಗೆತ. ಸಿಕ್ಕಿದ್ದು
ಇಟ್ಟಿಗೆ ಚೂರು, ಗೋಲಿ ಎರಡು, ಹಿತ್ತಾಳೆಯ ಬಾಗಿಲ ಹಿಡಿ.
ಬರ್ಮಾದ ಗುಡ್ಡದಿಂದ ಬಂದ ಸಾ ಥಾ ಬ್ಲೇ
ಅದನ್ನು ಗಾಳಿಯಲ್ಲೇ ಒಮ್ಮೆ ತಿರುಗಿಸಿ
ಜೇಬಿಗೆ ಹಾಕಿಕೊಂಡ.

ಮೂರನೆಯ ವಾರ ಪ್ರಯೋಗಾಲಯದ ಕಾಗದ: ಸೀಸ.
ಗೋಡೆಗೆ ಬಳಿದ ಬಣ್ಣ, ಗೋಡೆ ಹೋದರೂ ಹೋಗಿಲ್ಲ.
'ಈ ನೆಲದಲ್ಲಿ ನಿಲ್ಲಬಹುದು,' ಎಂದಳು ಎರ್ನೆಸ್ಟೀನ್,
'ಉಣ್ಣುವಂತಿಲ್ಲ.'
ಆಮೇಲೆ ಹಲಗೆ, ಮೊಳೆ. ನೆಲದ ಮೇಲೆ ಪೆಟ್ಟಿಗೆ,
ಪೆಟ್ಟಿಗೆಗೆ ಎಲ್ಲಿಂದಲೋ ಲಾರಿಯಲ್ಲಿ ಬಂದ ಮಣ್ಣು.
ತುಂಬಿದವರೂ ಎಲ್ಲೆಲ್ಲಿಂದಲೋ ಬಂದವರೇ.

ಮ್ವಾಮಿನಿ ಟಿಪ್ಪಣಿ ಬರೆಯಲಿಲ್ಲ.
ಕಾಂಗೋದಲ್ಲಿ ಗುಡ್ಡಕ್ಕೆ ಗುಡ್ಡವನ್ನೇ ಕೆತ್ತಿದವಳು
ಗುದ್ದಲಿ ಹಿಡಿಯುವುದು ಹೇಗೆಂಬ ಪಾಠಕ್ಕೆ
ಒಂದೂವರೆ ಗಂಟೆ ಕೈಕಟ್ಟಿ ಕೂತಳು.

ಜೂನ್. ಕಳೆ ಕೀಳುವ ಪಾಠ. ಎಲ್ಲರ ಬಕೆಟ್ಟೂ ತುಂಬಿತು;
ಅವಳದು ಖಾಲಿ, ಮಡಿಲು ಭರ್ತಿ.
ಬೇಲಿ ಬುಡದಲ್ಲಿ ತಾನಾಗಿ ಎದ್ದ ಕೆಂಪು ಬೇರಿನ ಸೊಪ್ಪು,
ನಮ್ಮ ಹರಿವೆಯ ದಾಯಾದಿ.
'ಲೆಂಗ ಲೆಂಗ!' ಮೂರು ತಿಂಗಳಲ್ಲಿ ಮೊದಲ ಸಲ
ಮುಖಕ್ಕೆ ಕಳೆ ಬಂದಿತ್ತು.

ಎರ್ನೆಸ್ಟೀನ್ ಮಡಿಲಿಗೆ ಕೈಹಾಕಿ ಅಷ್ಟನ್ನೂ ಚೆಲ್ಲಿದಳು.
ಸೀಸ, ಸೀಸ ಅಂದಳು. ಮಾತು ದಾಟಲಿಲ್ಲ,
ಕೈ ದಾಟಿತು.
ಮ್ವಾಮಿನಿ ಮಡಿಲು ಕೊಡವಿ ಬಸ್ಸಿಗೆ ನಡೆದಳು.

ಎರಡು ವಾರ ಕುರ್ಚಿ ಖಾಲಿ.

ಯಾಡಿಯೆಲ್ ಫೋನಿನಲ್ಲಿ ಸ್ವಾಹಿಲಿ ಹುಡುಕಿಕೊಂಡು
ಆ ಕಾಗದ ಹಿಡಿದು ಅವಳ ಮೂರನೆಯ ಮಹಡಿ ಹತ್ತಿದ.
ಏನು ಹೇಳಿದನೋ, ನಮಗೆ ಹೇಳಲಿಲ್ಲ.
ಬಂದಳು. ಹೊದ್ದ ಬಟ್ಟೆಯ ತುದಿಯಲ್ಲೊಂದು ಗಂಟು,
ಗಂಟಿನಲ್ಲಿ ಸಾಸಿವೆಗಿಂತ ಸಣ್ಣ, ಕರಿ ಬೀಜ.
ಎಷ್ಟು ಗಡಿ, ಎಷ್ಟು ಶಿಬಿರ, ಯಾರ ಕಣ್ಣು ತಪ್ಪಿಸಿತ್ತೋ.

ನಾಲ್ಕನೆಯ ಪೆಟ್ಟಿಗೆಯಲ್ಲಿ ಟೊಮೆಟೊ ಸಸಿ ಎಂಟು.
ಎರ್ನೆಸ್ಟೀನ್ ಅವನ್ನು ಚಮಚದಲ್ಲಿ ಎಬ್ಬಿಸಿ
ಬೇರೆ ಕಡೆ ನೆಟ್ಟಳು. ಒಂದು ಸತ್ತಿತು.
ಬರಿದಾದ ಮಣ್ಣು ತೋರಿಸಿ, ಚಮಚ ಮ್ವಾಮಿನಿಗೆ ಕೊಟ್ಟು
ತಾನು ಹಿಂದಿನ ಬೆಂಚಿಗೆ ಹೋದಳು.
ಮ್ವಾಮಿನಿ ಚಮಚ ಪಕ್ಕಕ್ಕಿಟ್ಟಳು. ಹಿಡಿ ಮರಳಿಗೆ
ಬೀಜ ಬೆರೆಸಿದಳು, ಕೋಳಿಗೆ ಕಾಳು ಹಾಕುವಷ್ಟು ಸಲೀಸಾಗಿ
ಬೀಸಿದಳು.

ಸೆಪ್ಟೆಂಬರಿನ ಪರೀಕ್ಷೆ. ಒಂದನೆಯ ಪ್ರಶ್ನೆ:
ಕಳೆ ಎಂದರೇನು?
ಯಾಡಿಯೆಲ್ ಬರೆದ, 'ಯಾವ ಪೆಟ್ಟಿಗೆಯಲ್ಲಿ?'
ಎರ್ನೆಸ್ಟೀನ್ ಅರ್ಧ ಅಂಕ ಕೊಟ್ಟಳು.