ಕೈ ಎತ್ತಿದಾಗಿನ ಅಳತೆ

ಅವನ ಪೆಟ್ಟಿಗೆ ಯಾವುದೋ ವಿಮಾನದಲ್ಲಿ ಇನ್ನೆಲ್ಲಿಗೋ ಹೋಗಿತ್ತು.
ಪಣಜಿಯಲ್ಲಿ ಶನಿವಾರ ಕಛೇರಿ, ಇಂದು ಬುಧವಾರ,
ಮೈಮೇಲೆ ಒಂದೇ ಒಂದು ಹೂವಿನ ಅಂಗಿ.
ಬ್ಯಾಂಡಿನ ಕೈತಾನನ ಮಗ ಆಗ್ನೆಲ್, ಆ ಮೇಳದಲ್ಲಿ ಪಿಟೀಲು,
ರೈಲು ಹತ್ತಿಸಿ ಕರಕೊಂಡು ಬಂದ ಕೋಡಿಬಾಗಕ್ಕೆ:
"ಭಿಕಾಜಿ ಮಾಮ, ಇವನಿಗೊಂದು ಕರಿ ಕೋಟು. ಬಾಲದ್ದು."

ಬಾಲದ ಕೋಟು ನಾನು ಕಂಡದ್ದು ಒಮ್ಮೆ,
ಕೈತಾನನ ಅಜ್ಜನ ಮದುವೆ ಫೋಟೋದಲ್ಲಿ.
ಹೊಲಿದದ್ದು ಬ್ಯಾಂಡಿನವರ ಕೆಂಪು, ನೇವಿಯವರ ಬಿಳಿ,
ವಕೀಲರ ಕರಿ. ಆದರೂ ಆಗ್ತದೆ ಅಂದೆ.

ಹೆಸರು ಎತ್ತೊರೆ. ವಯಸ್ಸು ಇಪ್ಪತ್ತೇಳು. ಎದೆ ಮೂವತ್ತಾರೂವರೆ.
ಟೇಪು ಹಿಡಿದಷ್ಟು ಹೊತ್ತೂ ಅವನು ಹೇಳುತ್ತಿದ್ದ,
ಆಗ್ನೆಲ್ ಕೊಂಕಣಿ ಮಾಡುತ್ತಿದ್ದ.
ಅಪ್ಪನದು ರೊಟ್ಟಿ ಭಟ್ಟಿ; ಬೆಳಗಿನ ಮೂರಕ್ಕೆ
ಹಿಟ್ಟು ನಾದುವ ಕೈ ನೋಡಿ ತಾಳ ಎಣಿಸಲು ಕಲಿತದ್ದು.
ಕುತ್ತಿಗೆ ಹದಿನೈದು.
ಹತ್ತೊಂಬತ್ತಕ್ಕೆ ನಾಟಕಶಾಲೆಯ ನೆಲಮಾಳಿಗೆ,
ಹಾಡುವವರಿಗೆ ಪಾಠ ಒಪ್ಪಿಸುವ ಪಿಯಾನೋ,
ಐದು ವರ್ಷ, ಗೋಡೆಯ ಕಾಗದದಲ್ಲಿ ಹೆಸರಿಲ್ಲದೆ.
ಬೆನ್ನು ಹದಿನೇಳು, ಎಡಭುಜ ಕೊಂಚ ಇಳಿದಿದೆ.
ಒಂದು ರಾತ್ರಿ ಎರಡನೇ ಅಂಕದ ಕೊನೆಗೆ
ಮುದುಕ ಮೇಷ್ಟ್ರು ಎದೆ ಹಿಡಿದು ಕೂತುಬಿಟ್ಟರು.
ಮೂರನೆಯದಕ್ಕೆ ಕಡ್ಡಿ ಇವನ ಕೈಗೆ. ಕೋಟೂ ಅವರದೇ,
ತೋಳು ಬೆರಳ ತುದಿವರೆಗೆ.
ಮರುದಿನ ಪತ್ರಿಕೆಯಲ್ಲಿ ಇವನ ಚಿತ್ರ;
ಆಸ್ಪತ್ರೆಯಿಂದ ಮುದುಕರ ಚೀಟಿ:
ತೋಳು ಮಡಚಿಕೊಳ್ಳಬಾರದಿತ್ತೇ?
ಆಮೇಲೆ ತ್ರಿಯೆಸ್ತೆ, ಲಿಯೋನ್, ಓಸ್ಲೋ,
ವರ್ಷಕ್ಕೆ ನಲವತ್ತು ಹಾಸಿಗೆ, ಒಂದೂ ಅವನದಲ್ಲ.

ಕೈ ಎತ್ತು ಅಂದೆ. ಎತ್ತಿದ.
ನನ್ನ ನಲವತ್ತು ವರ್ಷದಲ್ಲಿ ಎಲ್ಲರೂ
ಕೈ ಇಳಿಬಿಟ್ಟು ನಿಂತೇ ಅಳತೆ ಕೊಟ್ಟವರು.
ಇವನ ಕೋಟಿಗೆ ಕೆಲಸವೆಲ್ಲ ಮೇಲೆ.
ತೋಳು ಮೈಗೆ ಸೇರುವ ಆ ಗುಂಡು, ಅದೇ ಮುಂಡಾ,
ಸಡಿಲ ಬಿಟ್ಟರೆ ಕೈ ಸಲೀಸು ಅಂತ ಲೋಕದ ನಂಬಿಕೆ.
ಸುಳ್ಳು. ಬಿಗಿಯಿರಬೇಕು, ಕಂಕುಳಿಗೆ ಅಂಟಿ,
ಆಗ ಕೈಯೊಂದೇ ಏಳುತ್ತದೆ, ಕೋಟು ನಿಂತಲ್ಲೇ.
ಇದನ್ನು ಆಗ್ನೆಲ್‌ಗೆ ತಿರುಗಿಸಿ ಹೇಳಲು ಬರಲಿಲ್ಲ.
ಎತ್ತೊರೆ ಮಾತ್ರ ತಲೆಯಾಡಿಸಿದ.

ಕಚ್ಚಾ ಹೊಲಿಗೆ ಹಾಕಿ ಕನ್ನಡಿಯೆದುರು ನಿಲ್ಲಿಸಿದಾಗ
ಸುಮ್ಮನೆ ಶುರುಮಾಡಿಬಿಟ್ಟ. ಸದ್ದಿಲ್ಲ, ಏನೂ ಇಲ್ಲ.
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನಾನು,
ಕಾಜ ಹೊಲಿಯುವ ಶಾಲಿನಿ ದಾರ ಬಿಟ್ಟು,
ಕಿರಾಣಿಯವನು ಚಿಲ್ಲರೆ ಮರೆತು ಬಾಗಿಲಲ್ಲಿ.
ಎಡಗೈಯಿಂದ ಯಾರನ್ನೋ ತಡಿ, ತಡಿ ಅಂದ.
ಬೀದಿಯ ನಾಯಿ ಕೂತುಕೊಂಡಿತು.

ಶುಕ್ರವಾರ ಸಂಜೆ ಇಸ್ತ್ರಿ ಆರುವತನಕ ಅಂತ
ಮಾಜಾಳಿಯ ದಂಡೆಗೆ ಕರೆದೊಯ್ದೆ. ರಂಪಣಿ ಬಿದ್ದಿತ್ತು.
ಬಂಡೆಯ ಮೇಲೆ ಸೋಯ್ರು ತಾಂಡೇಲ, ಕೈಯಲ್ಲಿ ಪಂಚೆಯ ತುಂಡು,
ಕೆಳಗೆ ಎರಡು ಹಗ್ಗ, ಎಪ್ಪತ್ತು ಜನ,
ಯಾರೂ ಕಡಲು ನೋಡುತ್ತಿಲ್ಲ, ಎಲ್ಲರೂ ಆ ಬಟ್ಟೆಯನ್ನೇ.
ಅವನು ಬೀಸಿದ: ಉತ್ತರದವರು ಎಳೆದರು.
ಮುಷ್ಟಿ ಮಾಡಿದ: ಎಲ್ಲ ನಿಂತಿತು, ತೆರೆಯೊಂದು ಬಿಟ್ಟು.
ಎತ್ತೊರೆ ಕೇಳಿದ, "ಅವನಿಗೇನು ಸಿಗುತ್ತದೆ?"
ಎರಡು ಪಾಲು ಬಂಗಡೆ ಅಂದೆ. ಮೀನು ತಪ್ಪಿಸಿಕೊಂಡರೆ
ಎಪ್ಪತ್ತು ಬಾಯಿಯ ಬೈಗುಳ.
"ನನಗೂ ಅಷ್ಟೇ," ಅಂತ ನಕ್ಕ; ಚಪ್ಪಲಿ ಬಿಟ್ಟು ಹೋಗಿ
ದಕ್ಷಿಣದ ಹಗ್ಗದ ಕೊನೆಗೆ ಕೈಹಾಕಿದ.
ಒಂದು ಸಲ ಮುಂಚೆಯೇ ಎಳೆದು ಬೈಸಿಕೊಂಡ ಕೂಡ.

ಕಛೇರಿಗೆ ನಾನು ಹೋಗಲಿಲ್ಲ. ಗಣಪತಿ ಹಬ್ಬದ ಬ್ಲೌಸು ಬಾಕಿ.
ಆಗ್ನೆಲ್ ಕಳಿಸಿದ ಮೊಬೈಲ್ ವಿಡಿಯೋದಲ್ಲಿ
ಸಂಗೀತ ನನಗೆ ತಿಳಿಯಲಿಲ್ಲ, ಸುಳ್ಳೇಕೆ.
ಜನಕ್ಕೆ ಅವನ ಮುಖ ಇಡೀ ಹೊತ್ತು ಕಾಣುವುದೇ ಇಲ್ಲ,
ಇದು ಗೊತ್ತಿರಲಿಲ್ಲ ನನಗೆ.
ಒಂದೂಕಾಲು ತಾಸು ಅವರು ನೋಡಿದ್ದು ಬೆನ್ನು.
ಎರಡೂ ಕೈ ನೆತ್ತಿಯಾಚೆ ಎದ್ದಾಗ
ಕಾಲರು ಕುತ್ತಿಗೆ ಬಿಡಲಿಲ್ಲ,
ಬಾಲ ನೂಲಿನಷ್ಟೂ ಮೇಲೇರಲಿಲ್ಲ.
ಅಷ್ಟನ್ನು ನಾಲ್ಕು ಸಲ ಹಾಕಿ ನೋಡಿದೆ.

ಈಗೆಲ್ಲಿದ್ದಾನೋ. ಹಾಸಿಗೆ ನಲವತ್ತೊಂದೋ, ಐವತ್ತೋ.

ಮೊನ್ನೆ ಸೋಯ್ರು ಬಂದಿದ್ದ, ಕಂಕುಳಲ್ಲಿ ಹರಿದ ಅಂಗಿ,
ಪ್ರತಿ ವರ್ಷ ಅಲ್ಲೇ ಹರಿಯುವುದು, ಪ್ರತಿ ವರ್ಷ ತೇಪೆ.
ಟೇಪು ತೆಗೆದೆ. "ಹೊಸದು ಹೊಲಿಯುತ್ತೇನೆ,
ನಿಲ್ಲು," ಅಂದೆ, "ಕೈ ಎತ್ತು."