ದ್ವೀಪದ ಅಳತಿ

ದಾನವ್ವ,
ಪರಪ್ಪ ನಿನಗೂ ಅದ ಕ್ಯಾಲೆಂಡರ್ ತೋರಿಸಿದ್ನಂತ.
ಆ ತೆಂಗಿನ ಗಿಡ ನೋಡಿದಿ? ನೀರಿನ ಮ್ಯಾಲ ಬಾಗಿ
ತನ್ನ ಮಾರಿ ತಾನ ನೋಡಿಕೊಳ್ಳೋ ಹುಡುಗಿಹಂಗ.
ಎರಡು ಗಿಡದ ನಡುವ ಬಲಿ ತೊಟ್ಟಿಲ,
ತೊಟ್ಟಿಲದಾಗ ಯಾರೂ ಇಲ್ಲ.
ಆ ಖಾಲಿ ಜಾಗಾದಾಗ ನನ್ನ ಕುಂದ್ರಿಸಿದ್ದ ಪರಪ್ಪ,
"ಸುತ್ತ ನೀರಿದ್ರ ದ್ವೀಪ, ತಂಗೀ,
ಬಹರೇನ್ ಅಂದ್ರ ದ್ವೀಪ" ಅಂದು
ಒಂದೂವರಿ ಲಕ್ಷ ಎಣಿಸಿಕೊಂಡಿದ್ದ.

ಸುಳ್ಳಲ್ಲ. ಸುತ್ತ ನೀರು ಐತಿ.
ಏಳು ತಿಂಗಳು ನಾ ಅದನ್ನ ಕಾಣಲಿಲ್ಲ, ಅಷ್ಟ.

ಮುಹರಕ್ಕಿನ ಒಂದು ಓಣಿ. ಅಬಾಯಾ ಹೊಲಿಯೋ ಅಂಗಡಿ.
ಕರೀ ಅರಿವಿ ಮ್ಯಾಲ ಕರೀ ದಾರ.
ಗುಳೇದಗುಡ್ಡದ ಖಣದ ಬಣ್ಣ ಉಂಡು ಬೆಳೆದ ಕಣ್ಣು
ಮೊದಲ ವಾರ ಉಪವಾಸ ಬಿದ್ದವು.
ಆಮ್ಯಾಲ ಕಲ್ತವು: ಇದು ಕಾಗಿ ಕಪ್ಪು, ಇದು ಕಾಡಿಗಿ ಕಪ್ಪು,
ಇದು ಅವ್ವನ ಹಂಚಿನ ಬುಡ.

ಖೋಲಿಗೆ ಕಿಟಕಿ ಐತಿ.
ಕಿಟಕಿ ತುಂಬ ಬಾಜೂ ಮನಿ ಏಸಿಯ ಬೆನ್ನು.
ರಾತ್ರಿಯಿಡೀ ಗುಂಯ್ ಅಂತೈತಿ; ಮೊದಲ ದಿನ
ತೆರೀ ಸಪ್ಪಳ ಅಂದುಕೊಂಡು ಕಿವಿ ಕೊಟ್ಟು ಮಲಗಿದ್ದೆ,
ನಗಬ್ಯಾಡ.
ಜೂನಿನಾಗ ನಳ ತಿರುವಿದರ ಕುದಿಯೋ ನೀರು.
ರಾತ್ರಿ ಬಕೀಟ ತುಂಬಿಟ್ಟು, ಹಾಲು ಆರಿಸಿದಂಗ ಆರಿಸಿ,
ಮುಂಜಾನೆ ಮೈಗೆ ಹಾಕೊಂತೀವಿ.
ಗಾಳಿಯಂತೂ, ಯಾರೋ ಹಿಂಡದ
ಹಸೀ ಅರಿವಿ ಮಾರಿಗೆ ಒಗೆದಂಗ.
ಓಣಿ ತುದಿಗೆ ಒಂದು ಖರ್ಜೂರದ ಗಿಡ ಕಂಡು
ಆಸೆಗೆ ಹತ್ತಿರ ಹೋದೆ. ಮೊಬೈಲ್ ಟವರ್.
ಗರಿಗೂ ಹಸರು ಬಣ್ಣ ಹಚ್ಚ್ಯಾರ.
ಆವತ್ತ ನೀ "ಸಮುದ್ರ ತೋರ್ಸ" ಅಂದಿ ನೋಡು,
"ರೇಂಜ್ ಇಲ್ಲ" ಅಂದೆ,
ಅದರ ನೆರಳಾಗ ನಿಂತು.

ನನ್ನ ಮ್ಯಾಲಿನ ಮಂಚದಾಕಿ ಮಾರಿವಿಕ್, ಫಿಲಿಪೈನ್ಸಿನಾಕಿ.
ನಮ್ಮಿಬ್ಬರ ಭಾಷಾ ಮೂರು ಅರಬ್ಬಿ, ನಾಕು ಇಂಗ್ಲಿಷ್,
ಉಳಿದದ್ದು ಕೈಸನ್ನಿ.
ಪೆಟ್ಟಿಗಿ ತಳದಾಗಿನ ಕ್ಯಾಲೆಂಡರ್ ಹಾಳಿ ತೆಗೆದು ತೋರಿಸಿದೆ.
ನೋಡಿದಳು. ಬಾಳ ಹೊತ್ತು ನೋಡಿದಳು.
"ನಮ್ಮ ಮನಿ ಹಿತ್ತಲ" ಅಂದಳು.
ಇದ ಬಾಗಿದ ಗಿಡ, ಇದ ನೀಲಿ ನೀರು,
ಬಲಿ ತೊಟ್ಟಿಲ ಆಕಿ ಅಪ್ಪ ಹೆಣೆದಂಥಾದ್ದ;
ಪರದೇಶದ ಮಂದಿ ಬಂದು ಮಲಗಿದರ ಇಪ್ಪತ್ತು ಪೆಸೊ.
ಒಂದು ಡಿಸೆಂಬರಿನಾಗ ಬಿರುಗಾಳಿ ಎದ್ದಿತಂತ.
ತಗಡು ಹೋತು, ದೋಣಿ ಹೋತು,
ಗಿಡ ಉಳೀತು, ಫೋಟೋಕ್ಕ.
"ಅಲ್ಲಿ ಎಲ್ಲಾ ಐತಿ" ಅಂತ ಕೈ ಅಗಲಿಸಿದಳು,
ಆಮ್ಯಾಲ ಹೆಬ್ಬೆರಳು ತೋರುಬೆರಳು ತಿಕ್ಕಿ
"ಇದೊಂದಿಲ್ಲ."

ನಾ ಹೋಗಬೇಕಂದ ಊರು ಬಿಟ್ಟು
ಆಕಿ ನಾ ಬಂದ ಊರಿಗೆ ಬಂದಾಳ, ದಾನವ್ವ.
ಒಂದ ಮಂಚ. ಕೆಳಗ ನಾ, ಮ್ಯಾಲ ಆಕಿ.

ಹ್ವಾದ ಶುಕ್ರವಾರ ಇಬ್ಬರೂ ಸಮುದ್ರ ಹುಡುಕಿ ಹೊಂಟ್ವಿ.
ಗ್ವಾಡಿ, ಗ್ವಾಡಿ ಆದಮ್ಯಾಲ ಬಂಗ್ಲೆ, ಆಮ್ಯಾಲ ತಂತಿ ಬೇಲಿ.
ಲಾರಿ ಉಸುಕು ತಂದು ನೀರಿಗೆ ಸುರೀತಿದ್ವು.
ದ್ವೀಪ ದಪ್ಪ ಆಗಾಕ ಹತ್ತಿತ್ತು; ಸಮುದ್ರ,
ಜವಳಿ ಅಂಗಡ್ಯಾಗ ಸಾವ್ಕಾರ್ತಿ ಬಂದ್ರ
ಹಿಂದ ಸರಿಯೋ ನಮ್ಮಂಥವರಹಂಗ, ಸರೀತಿತ್ತು.
ಕಡೀಕ ಒಂದು ಕಲ್ಲಿನ ಕಟ್ಟಿ ಸಿಕ್ತು. ಕುಂತ್ವಿ.
ಕಾಲು ಇಳಿಬಿಟ್ರ ನೀರು ಎಟಕಲಿಲ್ಲ.
ಕೊರಳಾಗ ಟೇಪು ಹಂಗ ಇತ್ತು, ರೂಢಿ.
ಇಳಿಬಿಟ್ಟೆ. ಹಿಮ್ಮಡದಿಂದ ನೀರಿಗೆ ಹನ್ನೊಂದು ಇಂಚು.
"ತಡಿ" ಅಂದಳು ದ್ವೀಪದಾಗ ಹುಟ್ಟಿದಾಕಿ,
"ಏರೋ ಹೊತ್ತು. ತಾನ ಬರ್ತೈತಿ."
ಒಂಬತ್ತು. ಆರು. ನಾಕೂವರಿ.
ಅಷ್ಟರಾಗ ಕೊನೀ ಬಸ್ಸಿನ ಹೊತ್ತಾತು.

ಪರಪ್ಪಗ ರೊಕ್ಕ ಕೊಡೋದು ಬಿಡೋದು ನಿನ್ನ ಚಿತ್ತ.
ಬ್ಯಾಡ ಅಂದ್ರ ನೀ ಎಂದ ಕೇಳಿದಾಕಿ?
ಆ ತೊಟ್ಟಿಲ ಯಾಕ ಖಾಲಿ ಐತಿ ಅಂತ
ಅವನ್ನ ಒಮ್ಮೆ ಕೇಳು ಮತ್ತ.

ಇವತ್ತು ಒಬ್ಬಾಕಿ ತೋಳಿನ ಅಳತಿ ತಗೊಂಡೆ.
ಟೇಪಿನ ತುದಿ ಬಾಗಲಿಲ್ಲ,
ಒಣಗಿದ ಉಪ್ಪಿಗೆ ಸೆಟೆದು ನಿಂತಿತ್ತು.